ಎರಡು ಝೀರೋ ಬಲ್ಬು

ಕಾಕಾ ಬೈಯುವುದು ಕನ್ನಡದಲ್ಲಿ, ಎಣಿಸುವುದು ಮರಾಠಿಯಲ್ಲಿ. ನಾಲ್ಕನೆಯ ಇಯತ್ತೆಯವರೆಗೆ ಮರಾಠಿ ಶಾಲೆಗೆ ಹೋದವರು. ಮುಂದಿನದೆಲ್ಲ ಕನ್ನಡದಲ್ಲೇ ಆದರೂ ಅಂಕಿಗಳು ಮಾತ್ರ ಆ ಶಾಲೆಯ ಬೆಂಚು ಬಿಟ್ಟು ಏಳಲಿಲ್ಲ. ಮೋಟರಿನ ಕಾಯಿಲ್ ಸುತ್ತುವಾಗ "ಏಕ್ಕೇಚಾಳೀಸ, ಬೇಚಾಳೀಸ, ತ್ರೇಚಾಳೀಸ" ಎಂದು ಹೇಳಿಕೊಳ್ಳುತ್ತ ಸುತ್ತುವರು. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೋ, ಕೆಟ್ಟರು. ಸುತ್ತಿದ ತಂತಿಯನ್ನೆಲ್ಲ ಬಿಚ್ಚಿ, ಮಾತಾಡಿಸಿದವರನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಆತಿಲ್ಲೋ? ಹೇಳೂದೆಲ್ಲಾ ಹೇಳಿ ಮುಗಸ. ಈಗ ಮತ್ತ ಒಂದರಿಂದ" ಎಂದು ಮೊದಲಿನಿಂದ ಶುರು ಮಾಡುವರು. ಪಂಪು ಸುಟ್ಟುಕೊಂಡು ಅವಸರದಲ್ಲಿ ಬಂದ ರೈತರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದರು.

ಅಂಕಲಿಯಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಅವರ ಮನೆ, ಮನೆಗೆ ಹತ್ತಿದಂತೆ ಪತ್ರಾಸು ತಗಡಿನ ಶೆಡ್ಡು. ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ವೈರಮನ್ ಆಗಿ ದುಡಿದು, ನಿವೃತ್ತರಾದ ಮೇಲೆ ಇಲ್ಲಿ ಮೋಟರ್ ರಿವೈಂಡಿಂಗ್ ಹಾಕಿಕೊಂಡರು. ಊರಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಹೋದ ತಿಂಗಳು ಒಂದು ಮುಂಜಾನೆ ಕಾಕಾ ಎದ್ದೇಳಲಿಲ್ಲ. ಮಣ್ಣಿಗೆ ಬಂದವರೆಲ್ಲ ಅವರ ಕೈಗುಣವನ್ನು ಹೊಗಳಿದರು. ನಾನು ಮಾತ್ರ ಅವರ ಬಲಗಣ್ಣನ್ನೇ ನೋಡುತ್ತ ನಿಂತಿದ್ದೆ. ಆ ಕಣ್ಣು ಆರು ವರ್ಷದ ಹಿಂದೆ ಹೋಗಿತ್ತು, ಮತ್ತು ಹೋದದ್ದು ನನ್ನಿಂದ. ಅದನ್ನು ಹೇಳಿಬಿಡಬೇಕೆಂದು ಆರು ವರ್ಷ ರವಿವಾರಕ್ಕೊಮ್ಮೆ ಅವರ ಮನೆಗೆ ಹೋದೆ, ಚಹಾ ಕುಡಿದೆ, ಎದ್ದು ಬಂದೆ. ಈಗ ಹೇಳೋಣವೆಂದರೆ ಕೇಳಲು ಅವರಿಲ್ಲ.

ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಕೈ. ಯಾವುದನ್ನು ಮುಟ್ಟಿದರೂ ಅವರು ಮೊದಲು ಕೈಯ ಹಿಂಬದಿಯಿಂದ ಮುಟ್ಟುತ್ತಿದ್ದರು. ಕರೆಂಟಿನ ಕೆಲಸದವರಿಗೆ ಈ ರೂಢಿ ಇರುತ್ತದೆ. ಶಾಕ್ ಹೊಡೆದರೆ ಬೆರಳು ಮಡಚಿಕೊಳ್ಳುತ್ತವೆ. ಅಂಗೈಯಿಂದ ಹಿಡಿದಿದ್ದರೆ ಬಿಡಿಸಿಕೊಳ್ಳಲು ಆಗುವುದಿಲ್ಲ, ಹಿಂಬದಿಯಾದರೆ ಕೈ ತಾನೇ ಹಿಂದಕ್ಕೆ ಬರುತ್ತದೆ. ಆದರೆ ಕಾಕಾ ಚಹಾದ ಲೋಟವನ್ನೂ ಹಾಗೆಯೇ ಮುಟ್ಟಿ ನೋಡುವರು, ಎಮ್ಮೆಯ ಬೆನ್ನನ್ನೂ ಹಾಗೆಯೇ. ಒಮ್ಮೆ ನಿಪ್ಪಾಣಿಯ ಬಟ್ಟೆ ಅಂಗಡಿಯಲ್ಲಿ ಕಾಕು ಆರಿಸಿದ ಸೀರೆಯನ್ನು ಕೈಯ ಹಿಂಬದಿಯಿಂದ ಸವರಿ "ಹೂಂ, ಅಡ್ಡಿಯಿಲ್ಲ" ಎಂದರಂತೆ. "ಸೀರಿ ಏನ ಶಾಕ್ ಹೊಡೀತೈತೇನ್ರಿ?" ಎಂದು ಕಾಕು ಅಂಗಡಿಯವರ ಎದುರಿಗೇ ಕೇಳಿದಳು. "ರೇಟ್ ಕೇಳಿದ ಮ್ಯಾಲೆ ಹೊಡೀತೈತಿ" ಎಂದರಂತೆ ಇವರು.

ನಾನು ಚಿಕ್ಕೋಡಿಯ ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬು ನೋಡಿಕೊಳ್ಳುವವಳು. ನಮ್ಮ ಯಜಮಾನರದು ಬಡಗಿ ಕೆಲಸ. ಕಂಪ್ಯೂಟರಿನಲ್ಲಿ ಬಿಡಿಸಿದ ಹೂಬಳ್ಳಿಯನ್ನು ಬಾಗಿಲ ಹಲಗೆಯ ಮೇಲೆ ತಾನೇ ಕೆತ್ತುವ ಸಿಎನ್‌ಸಿ ಯಂತ್ರವೊಂದನ್ನು ಮನೆಯಲ್ಲೇ ಕಟ್ಟೋಣ ಎಂಬ ಹುಚ್ಚು ಹತ್ತಿದ್ದು ನನಗೆ. ಕೊಲ್ಹಾಪುರದ ಗುಜರಿಯಲ್ಲಿ ಮೂರು ಹಳೆಯ ಸರ್ವೋ ಮೋಟರು ಸಿಕ್ಕವು. ಕೂದಲೆಳೆಯಷ್ಟೂ ಆಚೀಚೆ ಆಗದಂತೆ, ಹೇಳಿದಷ್ಟೇ ತಿರುಗಿ ನಿಲ್ಲುವ ಮೋಟರುಗಳು. ಅವಕ್ಕೆ ಎಪ್ಪತ್ತು ವೋಲ್ಟಿನ ಡಿಸಿ ಕರೆಂಟು ಬೇಕು. ನಾನು ಓದಿದವಳಲ್ಲವೇ, ದೊಡ್ಡ ಶಾಣ್ಯಾಕಿಯಂತೆ ಅಂಗೈಯಗಲದ ರೆಡಿಮೇಡ್ ಪವರ್ ಸಪ್ಲೈ ತರಿಸಿದೆ. ಮೋಟರು ಜೋರಾಗಿ ಓಡಿ ಗಕ್ಕನೆ ನಿಂತಾಗಲೆಲ್ಲ ಅದು ಟಪ್ಪೆಂದು ಬಂದ್ ಆಗುತ್ತಿತ್ತು. ಎರಡು ವಾರ ತಲೆ ಕೆರೆದುಕೊಂಡು ಕಡೆಗೆ ಕಾಕಾನ ಶೆಡ್ಡಿಗೆ ಹೊತ್ತುಕೊಂಡು ಹೋದೆ.

ಅವರು ಎಲ್ಲವನ್ನೂ ಕೇಳಿ ನಕ್ಕರು.

"ತಂಗಿ, ಕಬ್ಬಿನ ಬಂಡಿ ಏರ ಹತ್ತೂವಾಗ ಯಾರು ಯಾರನ್ನ ಜಗ್ಗತಾರ?"

"ಎತ್ತು ಬಂಡೀನ ಜಗ್ಗತಾವ್ರಿ ಕಾಕಾ."

"ಇಳಕಲ ಇಳಿಯೂವಾಗ?"

"ಬಂಡೀನ ಎತ್ತನ್ನ ದೂಡತೈತಿ."

"ಹಾಂ. ನಿನ್ನ ಮೋಟಾರೂ ಹಂಗ. ಓಡೂವಾಗ ಕರೆಂಟ್ ತಿಂತೈತಿ, ನಿಲ್ಲೂವಾಗ ತಾನ ಕರೆಂಟ್ ಹುಟ್ಟಿಸಿ ತಿರುಗಿ ಕಳಸತೈತಿ. ಈ ಅಂಗೈಯಗಲದ ಕೂಸಿಗೆ ಅದನ್ನ ತಡಕೊಳ್ಳಾಕ ಆಗೂದಿಲ್ಲ, ಗಾಬರಿ ಆಗಿ ಕಣ್ ಮುಚ್ಚತೈತಿ. ನಿನಗ ಬೇಕಾಗಿದ್ದು ದೊಡ್ಡ ಹೊಟ್ಟಿ ಇರೋ ಪೆಟ್ಟಿಗಿ. ಬಂದದ್ದೆಲ್ಲಾ ನುಂಗಿ ಸುಮ್ಮ ಕುಂಡ್ರೂವಂಥಾದ್ದು."

ಆ ಪೆಟ್ಟಿಗೆಯನ್ನು ಕಟ್ಟಿದ್ದೇ ನನ್ನ ಜೀವನದ ಒಳ್ಳೆಯ ನಾಲ್ಕು ತಿಂಗಳು. ನಿಪ್ಪಾಣಿಯ ಗುಜರಿಯಲ್ಲಿ ತುಕ್ಕು ಹಿಡಿದ ವೆಲ್ಡಿಂಗ್ ಸೆಟ್ಟೊಂದನ್ನು ಹುಡುಕಿ, ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿ, "ಇದರ ಕಬ್ಬಿಣ ಚಲೋ ಐತಿ" ಎಂದು ತಂದರು. ಅದರ ಹಳೆಯ ತಂತಿ ಬಿಚ್ಚಿ ಹೊಸದನ್ನು ಕೈಯಿಂದಲೇ ಸುತ್ತಿದರು. ಆ ಟ್ರಾನ್ಸ್‌ಫಾರ್ಮರಿನ ಕರೆಂಟನ್ನು ಡಿಸಿ ಮಾಡುವ ಬ್ರಿಜ್ಜು, ಅದರ ಮುಂದೆ ಹಾಲಿನ ಡಬ್ಬಿಯಷ್ಟು ದಪ್ಪದ ನಾಲ್ಕು ಕೆಪಾಸಿಟರುಗಳು. ದೊಡ್ಡ ಹೊಟ್ಟೆ ಎಂದರೆ ಇವೇ. ಕರೆಂಟು ತುಂಬಿಕೊಂಡು ಇಟ್ಟುಕೊಳ್ಳುತ್ತವೆ. ಅಪಾಯವೂ ಅಲ್ಲಿಯೇ. ಸ್ವಿಚ್ ಬಂದ್ ಮಾಡಿದ ಮೇಲೂ ಇವು ತುಂಬಿಯೇ ಇರುತ್ತವೆ.

ಒಂದು ರವಿವಾರ ಅವರು ನನಗೊಂದು ಆಟ ತೋರಿಸಿದರು. ತುಂಬಿದ ಕೆಪಾಸಿಟರನ್ನು ಪೂರ್ತಿ ಖಾಲಿ ಮಾಡಿ, ಮೀಟರು ಹಚ್ಚಿ ಸೊನ್ನೆ ಎಂದು ತೋರಿಸಿ, ಮೇಜಿನ ಮೇಲೆ ಒಂಟಿಯಾಗಿ ಇಟ್ಟರು. ನಾವು ಊಟ ಮಾಡಿ ಬಂದೆವು. ಮತ್ತೆ ಮೀಟರು ಹಚ್ಚಿದರು. ನಾಲ್ಕು ವೋಲ್ಟು! ಯಾವ ತಂತಿಯೂ ಅದಕ್ಕೆ ಹತ್ತಿರಲಿಲ್ಲ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ, ಆದರೂ ಕಣ್ಣಾರೆ ನೋಡಿದಾಗ ಮೈ ಜುಂ ಎಂದಿತು.

"ನಿಮ್ಮ ಪುಸ್ತಕದಾಗ ಇದಕ್ಕ ಏನಂತಾರೋ ಯಾಂವಗ ಗೊತ್ತು. ನಾ ಹಳೇ ಸಿಟ್ಟು ಅಂತೀನಿ" ಎಂದರು. "ಇಳದಂಗ ಕಾಣತೈತಿ ತಂಗಿ, ಒಳಗ ಉಳದಿರತೈತಿ. ನಿಮ್ಮ ಕಾಕೂನ್ನ ಕೇಳ."

ಅದಕ್ಕಾಗಿಯೇ ಅವರು ಪೆಟ್ಟಿಗೆಯೊಳಗೆ ಎರಡು ಝೀರೋ ಬಲ್ಬು ಹಾಕಿದ್ದರು. ದೇವರ ಫೋಟೋದ ಮುಂದೆ ಉರಿಯುವ ಅದೇ ಸಣ್ಣ ಕೆಂಪು ಬಲ್ಬು. ಪೆಟ್ಟಿಗೆಯ ಮುಂಭಾಗದ ತಗಡಿನಲ್ಲಿ ಎರಡು ತೂತು, ಒಂದೊಂದು ತೂತಿನ ಹಿಂದೆ ಒಂದೊಂದು ಬಲ್ಬು. ಸ್ವಿಚ್ ಬಂದ್ ಮಾಡಿದರೆ ಕೆಪಾಸಿಟರಿನಲ್ಲಿ ಉಳಿದ ಕರೆಂಟನ್ನು ಅವು ಕುಡಿಯುತ್ತ, ಮೆಲ್ಲಗೆ ಮಂಕಾಗುತ್ತ, ಆರುತ್ತಿದ್ದವು. ಎರಡೂ ಆರಿದ ಮೇಲೆ ಕಾಕಾ ನೂರರವರೆಗೆ ಎಣಿಸುವರು. ಆಮೇಲೆಯೇ ಕೈ ಒಳಗೆ.

"ಒಂದ ಸಾಕಲ್ರಿ ಕಾಕಾ?" ಎಂದು ನಾನು ಕೇಳಿದ್ದೆ.

"ಒಂದ ಬಲ್ಬ್ ಸುಟ್ಟಿದ್ರೂ ಕತ್ತಲೀನ, ಕರೆಂಟ್ ಖಾಲಿ ಆದ್ರೂ ಕತ್ತಲೀನ. ಯಾವ ಕತ್ತಲಿ ಅಂತ ಹ್ಯಾಂಗ ತಿಳೀಬೇಕು? ಎರಡೂ ಒಂದ ಸಲ ಸುಡೂದಿಲ್ಲ" ಎಂದರು. ತಾವು ಪರೀಕ್ಷಿಸಿ ನೋಡಿದ ಬಲ್ಬುಗಳ ಕುತ್ತಿಗೆಗೆ ಹಸಿರು ಬಣ್ಣದ ಒಂದು ಚುಕ್ಕೆ ಇಡುವುದು ಅವರ ಪದ್ಧತಿ.

ಬುದ್ಧ ಪೂರ್ಣಿಮೆಯ ದಿನ ಯಂತ್ರವನ್ನು ಅವರ ಶೆಡ್ಡಿನಲ್ಲೇ ಓಡಿಸಿ ನೋಡುವುದೆಂದು ಗೊತ್ತಾಗಿತ್ತು. ಮುಂಜಾನೆ ಹೋದಾಗ ಕಾಕಾ ಜಳಕಕ್ಕೆ ಹೋಗಿದ್ದರು. ಕಾಕು ಬಾಗಿಲಲ್ಲೇ ಸಿಕ್ಕಳು. "ತಂಗಿ, ಬುದ್ಧನ ಫೋಟೋದ ಮುಂದಿನ ಬಲ್ಬ್ ಇವತ್ತ ಹೋಗಬೇಕಾ? ಮಂದಿ ಬರೂ ಹೊತ್ತಾತು. ಶೆಡ್ಡಿನ್ಯಾಗ ಒಂದ ಇದ್ರ ಕೊಡವಾ" ಎಂದಳು. ಶೆಡ್ಡಿನ ಕಪಾಟೆಲ್ಲ ಹುಡುಕಿದೆ, ಸಿಗಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದು ಎರಡರಲ್ಲಿ ಒಂದನ್ನು ಬಿಚ್ಚಿ ಕೊಟ್ಟೆ. ಕಾಕಾಗೆ ಹೇಳಿದರಾಯಿತು, ಸಂಜೆ ಒಂದು ತಂದು ಹಾಕಿದರಾಯಿತು, ಅಷ್ಟೇ ಎಂದುಕೊಂಡೆ. ಅವಳು ಖುಷಿಯಿಂದ ಹಾಕಿಕೊಂಡಳು. ಮಂದಿ ಬಂದರು, ವಂದನೆಯಾಯಿತು, ಖೀರು ಉಂಡೆವು. ನಾನು ಹೇಳುವುದನ್ನು ಮರೆತೆ.

ಮಧ್ಯಾಹ್ನ ಯಂತ್ರ ಓಡಿತು. ಹಲಗೆಯ ಮೇಲೆ ಒಂದು ಅರಳಿ ಎಲೆ ಮೂಡುತ್ತಿತ್ತು, ಯಜಮಾನರು ಬಾಯಿ ತೆರೆದು ನೋಡುತ್ತಿದ್ದರು. ಎಲೆಯ ತುದಿ ಬರುವಷ್ಟರಲ್ಲಿ ಗರ್ ಎಂದು ನಿಂತಿತು. ಪೆಟ್ಟಿಗೆಯೊಳಗೆ, ಮೋಟರು ನಡೆಸುವ ಡ್ರೈವಿಗೆ ಹೋಗುವ ದಾರಿಯ ಫ್ಯೂಸು ಹಾರಿತ್ತು. ಕಾಕಾ ಸ್ವಿಚ್ ಬಂದ್ ಮಾಡಿ, ಹಲಗೆಯ ಕಡೆ ಒಂದಿಷ್ಟು ನೋಡಿ, ಪೆಟ್ಟಿಗೆಯ ಎದುರಿಗೆ ಬಂದು ಕುಕ್ಕರಗಾಲಿನಲ್ಲಿ ಕುಳಿತರು. ತೂತುಗಳನ್ನು ನೋಡಿದರು. ಎರಡೂ ಕತ್ತಲು. ಎಣಿಸತೊಡಗಿದರು.

ಅವರ ಎಣಿಕೆ ಎಪ್ಪತ್ತು ದಾಟಿದಾಗ ನನಗೆ ಬಲ್ಬಿನ ನೆನಪಾಯಿತು. ಇದನ್ನು ಸರಿಯಾಗಿ ಬರೆಯಬೇಕು. ನೆನಪಾಗಲಿಲ್ಲ ಎಂದು ನಾನು ಊರಿಗೆಲ್ಲ ಹೇಳಬಹುದು, ನನಗೆ ನಾನು ಹೇಳಿಕೊಳ್ಳಲಾರೆ. "ಐಂಶಿ" ಎಂದರು ಅವರು. ಎಂಬತ್ತು. ಒಂದು ಬಲ್ಬು ಇಲ್ಲ ಎಂದು ಹೇಳಲು ನನ್ನ ಬಾಯಿ ತೆರೆದಿತ್ತು. ಆದರೆ ಎಣಿಸುವಾಗ ಮಾತಾಡಿಸಿದರೆ ಸಿಟ್ಟಾಗುತ್ತಾರೆ. ಇನ್ನೊಂದು ಬಲ್ಬು ಹೇಗೂ ಇದೆಯಲ್ಲ, ಅದು ಆರಿದೆಯಲ್ಲ, ಎಣಿಕೆ ಮುಗಿಯಲಿ, ಆಮೇಲೆ ಹೇಳೋಣ. ಇಷ್ಟೇ ಯೋಚಿಸಿದ್ದು. ಬಾಯಿ ಮುಚ್ಚಿದೆ. ಆ ಇನ್ನೊಂದು ಬಲ್ಬು ಯಂತ್ರದ ಅದುರಾಟಕ್ಕೆ ಯಾವಾಗಲೋ ಸುಟ್ಟುಹೋಗಿತ್ತು. ಫ್ಯೂಸು ಹೋದದ್ದರಿಂದ ಒಳಗೆ ತುಂಬಿದ್ದ ಕರೆಂಟಿಗೆ ಹೊರಬೀಳಲು ಬೇರೆ ದಾರಿ ಇರಲಿಲ್ಲ.

"ನವ್ಯಾಣ್ಣವ, ಶಂಭರ" ಎಂದು ಹೇಳಿ ಕಾಕಾ ಮುಚ್ಚಳ ತೆಗೆದು, ಸುಟ್ಟ ಫ್ಯೂಸಿನ ನಟ್ಟು ಬಿಚ್ಚಲು ಪಾನಾ ಒಳಗೆ ಹಾಕಿದರು. ಗುಂಡು ಹಾರಿದಂಥ ಸದ್ದು, ಬಿಳಿ ಬೆಳಕು. ಪಾನಾದ ತುದಿ ಕರಗಿ ಅದರ ಕಿಡಿ ಅವರ ಬಲಗಣ್ಣಿಗೆ ಬಿತ್ತು.

ಚಿಕ್ಕೋಡಿಗೆ ಒಯ್ದೆವು, ಅಲ್ಲಿಂದ ಮಿರಜಿಗೆ. ಕಣ್ಣು ಉಳಿಯಲಿಲ್ಲ. ಜೀಪಿನಲ್ಲಿ ಟವೆಲು ಒತ್ತಿಕೊಂಡು ಕುಳಿತವರು ನನ್ನ ಅಳು ನೋಡಲಾರದೆ, "ಯಾಕ ಅಳತಿ ತಂಗಿ? ತಪ್ಪು ನಂದ. ಬಲ್ಬ್ ಚಲೋ ಅದಾವೋ ಇಲ್ಲೋ ನೋಡದ ಕೈ ಹಾಕಿದೆ" ಎಂದರು. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

ಆಮೇಲೆ ಅವರು ದಪ್ಪ ತಂತಿಯ ಪಂಪುಗಳನ್ನಷ್ಟೇ ಸುತ್ತಿದರು. ಸಣ್ಣ ತಂತಿ ಒಂದೇ ಕಣ್ಣಿಗೆ ಎರಡಾಗಿ ಕಾಣುತ್ತದೆ ಎನ್ನುವರು. ಮೊದಮೊದಲು ಸಣ್ಣ ತಂತಿಯ ಮೋಟರುಗಳನ್ನು ತಂದವರು ಆಮೇಲಾಮೇಲೆ ರಾಯಬಾಗಕ್ಕೋ ಅಥಣಿಗೋ ಹೋಗತೊಡಗಿದರು. ಲೋಟ ಹಿಡಿಯಲು ಹೋದರೆ ಕೈ ನಾಲ್ಕು ಬೆರಳು ಆಚೆ ಹೋಗುತ್ತಿತ್ತು; ಕೈಯ ಹಿಂಬದಿಯಿಂದ ಮೇಜನ್ನು ತಡವುತ್ತ ಲೋಟವನ್ನು ಹುಡುಕುವರು. ಅದನ್ನು ನೋಡುವಾಗ ನನಗೆ ನೆಲ ಬಾಯಿ ಬಿಡಬಾರದೇ ಎನಿಸುತ್ತಿತ್ತು. ಪೆಟ್ಟಿಗೆಯನ್ನು ಅವರು ಮೇಜಿನ ಕೆಳಗೆ ಬಟ್ಟೆ ಹೊದಿಸಿ ಇಟ್ಟಿದ್ದರು. ನಾನು ಒಯ್ಯಲಿಲ್ಲ. ಮತ್ತೊಂದು ರೆಡಿಮೇಡ್ ಸಪ್ಲೈ ಹಾಕಿಕೊಂಡೆವು, ಅದು ಗಳಿಗೆಗೊಮ್ಮೆ ಬಂದ್ ಆಗುತ್ತಿತ್ತು, ಯಜಮಾನರು ಗೊಣಗುತ್ತಿದ್ದರು.

ಯಾಕೆ ಹೇಳಲಿಲ್ಲ? ನನ್ನ ಹತ್ತಿರ ಒಂದು ಚಂದದ ಕಾರಣವಿತ್ತು. ಹೇಳಿದರೆ, ಆ ಬಲ್ಬು ಕೇಳಿದವಳು ತಾನೇ ಎಂದು ಕಾಕುಗೆ ಗೊತ್ತಾಗುತ್ತದೆ, ಆ ಬಡಪಾಯಿ ಜನ್ಮಪೂರ್ತಿ ಕೊರಗುತ್ತಾಳೆ ಎಂದುಕೊಳ್ಳುತ್ತಿದ್ದೆ. ಆರು ವರ್ಷ ಅವಳ ಸೆರಗಿನ ಮರೆಯಲ್ಲಿ ಅಡಗಿ ಕುಳಿತೆ. ಬಲ್ಬು ಮಾತ್ರ ಅಲ್ಲೇ ಬುದ್ಧನ ಫೋಟೋದ ಮುಂದೆ ಇತ್ತು. ಮುಂಜಾನೆ ಒಂದಿಷ್ಟು, ಸಂಜೆ ಒಂದಿಷ್ಟು ಉರಿಯುತ್ತಿತ್ತು. ನಾನು ಹೋದಾಗಲೆಲ್ಲ ಆ ಗೋಡೆಗೆ ಬೆನ್ನು ಮಾಡಿ ಕೂರುತ್ತಿದ್ದೆ. ಕಾಕಾ ನನ್ನ ಎದುರಿಗೆ, ಅಂದರೆ ಆ ಬಲ್ಬಿನ ಎದುರಿಗೆ ಕೂರುತ್ತಿದ್ದರು. ಒಮ್ಮೊಮ್ಮೆ ಮಾತು ನಿಲ್ಲಿಸಿ, "ಮತ್ತೇನರ ಹೇಳೂದೈತೇನ ತಂಗಿ?" ಎನ್ನುವರು. "ಏನಿಲ್ರಿ ಕಾಕಾ" ಎನ್ನುತ್ತಿದ್ದೆ.

ಮಣ್ಣಿನ ದಿನ ಎಲ್ಲರೂ ಕಾಲು ಮುಟ್ಟಿ ನಮಸ್ಕರಿಸಿದರು. ನಾನು ಅವರ ಹಣೆಯನ್ನು ಕೈಯ ಹಿಂಬದಿಯಿಂದ ಮುಟ್ಟಿದೆ. ಕಬ್ಬಿಣದಂತೆ ತಣ್ಣಗಿತ್ತು.

ಹತ್ತು ದಿನದ ಮೇಲೆ ಕಾಕು ಹೇಳಿ ಕಳಿಸಿದಳು, ಪೆಟ್ಟಿಗೆ ಒಯ್ಯಿ ಎಂದು. ಹೋದೆ. ಪೆಟ್ಟಿಗೆಯನ್ನು ಹೊರಗೆ ತಂದಿಟ್ಟು, ಧೂಳು ಒರೆಸಿದ್ದಳು. ನನಗೆ ಇನ್ನು ತಡೆಯಲಾಗಲಿಲ್ಲ. ಅವಳ ಎದುರಿಗೆ ನೆಲದ ಮೇಲೆ ಕುಳಿತು, "ಕಾಕೂ, ಆ ದಿನ ನಿಮಗ ಕೊಟ್ಟ ಬಲ್ಬ್ ಈ ಪೆಟ್ಟಿಗ್ಯಾಗಿಂದು" ಎಂದೆ.

ಅವಳು ಗಾಬರಿಯಾಗಲಿಲ್ಲ. ಬಟ್ಟೆ ಮಡಚುತ್ತ, "ಗೊತ್ತೈತಿ" ಎಂದಳು.

"ಯಾವಾಗ್ರಿ?"

"ಮಿರಜಿಂದ ಬಂದ ದಿನಾನ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಬಂದ್ರು, ಬುದ್ಧನ ಮುಂದ ಕುಂತ್ರು. ಬಲ್ಬಿನ ಕುತ್ತಿಗಿ ಮ್ಯಾಲಿನ ಹಸರ ಚುಕ್ಕಿ ನೋಡಿದ್ರು. ಇದನ್ನ ಯಾರು ತಂದ್ರು ಅಂದ್ರು. ತಂಗಿ ಕೊಟ್ಲು ಅಂದೆ. ಆಮ್ಯಾಲೆ ಎಲ್ಲಾ ಬಿಡಿಸಿ ಹೇಳಿದ್ರು." ಅವಳ ದನಿ ಗಡಸಾಯಿತು. "ನಾ ಆಗಿಂದಾಗ ನಿಮ್ಮನಿಗೆ ಬರಾಕ ಎದ್ದೆ. ಬಂದಿದ್ರ ನಿನ್ನ ಜುಟ್ಟ ಹಿಡೀತಿದ್ದೆ, ಸುಳ್ಳ ಯಾಕ ಹೇಳಲಿ? ಕೈ ಹಿಡದ ಕುಂಡ್ರಿಸಿದ್ರು. 'ಕೇಳಿದಾಕಿ ನೀ, ಕೊಟ್ಟಾಕಿ ಆಕಿ, ನೋಡದ ಕೈ ಹಾಕಿದಾಂವ ನಾ. ಮೂರು ಮಂದ್ಯಾಗ ಯಾರಿಗಂತ ಬೈತಿ? ಬಲ್ಬ್ ಅಲ್ಲೇ ಇರ್ಲಿ. ಆಕಿ ಒಂದಿನ ಅದನ್ನ ನೋಡಿ ತಾನ ಹೇಳತಾಳ' ಅಂದ್ರು."

ನಾನು ಗೋಡೆಯ ಮೇಲಿನ ಬಲ್ಬಿನ ಕಡೆ ತಿರುಗಿದೆ.

"ನೀ ಬಂದು ಹೋದ ಮ್ಯಾಲೆ ಪ್ರತಿ ಐತವಾರ ಕೇಳತಿದ್ದೆ, ಇವತ್ತರ ಹೇಳಿದ್ಲೇನ್ರಿ ಅಂತ. ಇಲ್ಲ ಅಂತಿದ್ರು. ಮುಂದಿನ ವಾರ ಹೇಳತಾಳ ಅಂತಿದ್ರು. ಹೋಗೂ ಹಿಂದಿನ ದಿನಾನೂ ಅದ ಮಾತು."

ಅತ್ತೆ. ಮರ್ಯಾದೆ ಬಿಟ್ಟು ಅತ್ತೆ. ಆದರೆ ಅಳುವಾಗಲೂ ನನಗೆ ಗೊತ್ತಿತ್ತು, ಹೇಳಬೇಕಾದದ್ದು ಇನ್ನೂ ಮುಗಿದಿಲ್ಲ. ಅವರಿಗೆ ಗೊತ್ತಿದ್ದದ್ದು ಬಲ್ಬಿನ ಮಾತು. ಐಂಶಿಯ ಮಾತು ಅವರಿಗೂ ಗೊತ್ತಿರಲಿಲ್ಲ. ಅದನ್ನೂ ಹೇಳಿದೆ. "ಅವರು ಎಣಸೂವಾಗ ನನಗ ನೆನಪಾಗಿತ್ರಿ ಕಾಕೂ. ಕೂಗಬಹುದಿತ್ತು. ಎಣಿಕಿ ತಪ್ಪಿಸಿದ್ರ ಬೈತಾರ ಅಂತ ಸುಮ್ಮಾದೆ."

ಕಾಕುವಿನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು.

"ಇದನ್ನ ಅವರು ಕೇಳಬೇಕಿತ್ತು" ಎಂದಳು. ಅಷ್ಟೇ. ಹೋಗಲಿ ಬಿಡು ಎನ್ನಲಿಲ್ಲ, ಎದ್ದು ಹೋಗು ಎಂದೂ ಅನ್ನಲಿಲ್ಲ. ಸ್ಟೂಲು ಎಳೆದುಕೊಂಡು ಹತ್ತಿ, ಫೋಟೋದ ಮುಂದಿನ ಬಲ್ಬನ್ನು ಸೆರಗಿನಿಂದ ಹಿಡಿದು ಬಿಚ್ಚಿ, ತಂದು ನನ್ನ ಕೈಯಲ್ಲಿಟ್ಟಳು. ಇನ್ನೂ ಬೆಚ್ಚಗಿತ್ತು. ಕುತ್ತಿಗೆಯ ಮೇಲೆ ಹಸಿರು ಚುಕ್ಕೆ ಮಾಸಿರಲಿಲ್ಲ.

ಈಗ ಆ ಪೆಟ್ಟಿಗೆ ನಮ್ಮ ಶೆಡ್ಡಿನಲ್ಲಿದೆ. ಹಳೆಯ ಬಲ್ಬನ್ನು ಅದರ ಜಾಗಕ್ಕೆ ಹಾಕಿ, ಸುಟ್ಟದ್ದರ ಜಾಗಕ್ಕೆ ಹೊಸದನ್ನು ಹಾಕಿದ್ದೇನೆ. ಯಂತ್ರ ಎಷ್ಟೇ ಜೋರಾಗಿ ಓಡಿ ನಿಂತರೂ ಅದು ಜಗ್ಗುವುದಿಲ್ಲ, ತಿರುಗಿ ಬಂದದ್ದನ್ನೆಲ್ಲ ನುಂಗಿ ಸುಮ್ಮನೆ ಕೂರುತ್ತದೆ. ಯಜಮಾನರಿಗೆ ಸಂತೋಷ. ಕೆಲಸ ಮುಗಿದ ಮೇಲೆ ಸ್ವಿಚ್ ಬಂದ್ ಮಾಡುವವಳು ನಾನು. ತೂತುಗಳ ಎದುರಿಗೆ ಕುಕ್ಕರಗಾಲಿನಲ್ಲಿ ಕೂರುತ್ತೇನೆ. ಎರಡೂ ಬಲ್ಬು ಆರುತ್ತವೆ. ಎಣಿಸುತ್ತೇನೆ, ಅವರಂತೆಯೇ ಮರಾಠಿಯಲ್ಲಿ.

ಐಂಶಿಗೆ ಬಂದಾಗ ನಿಲ್ಲಿಸಿ, "ಕಾಕಾ, ತಡೀರಿ, ಒಂದು ಬಲ್ಬ್ ಇಲ್ಲ" ಎಂದು ಗಟ್ಟಿಯಾಗಿ ಹೇಳುತ್ತೇನೆ. ಯಜಮಾನರು ಮೊದಮೊದಲು ತಿರುಗಿ ನೋಡುತ್ತಿದ್ದರು, ಈಗ ನೋಡುವುದಿಲ್ಲ. ಹೇಳಿ ಮುಗಿಸಿ, ಮತ್ತೆ ಒಂದರಿಂದ ಎಣಿಸುತ್ತೇನೆ.